ಉಗುಳು ಬೇರೆ, ಕಫ ಬೇರೆ

ಕಳೆದ ಸಂಚಿಕೆಯಲ್ಲಿ ಗೆಳೆಯರೊಬ್ಬರು ಹೊರನಾಡ ಕನ್ನಡಿಗನ ಕರ್ತವ್ಯಗಳ ಒಂದು ಪಟ್ಟಿ ಕೊಟ್ಟಿದ್ದರು. ಕವಿಗೋಷ್ಠಿ, ನಾಟಕ, ಯಕ್ಷಗಾನ, ಪುಸ್ತಕ ಬಿಡುಗಡೆ, ರಾಜ್ಯೋತ್ಸವ ಎಂದು ಒಟ್ಟು ಹನ್ನೊಂದು ಬಾಬು. ಪಟ್ಟಿಯ ಬಗ್ಗೆ ನನ್ನ ತಕರಾರಿಲ್ಲ. ಹನ್ನೆರಡನೆಯದೊಂದನ್ನು ಸೇರಿಸಿಕೊಳ್ಳಿ ಎಂದಷ್ಟೇ ನನ್ನ ವಿನಂತಿ. ಅದರ ಹೆಸರು ಹೇಳಿದೊಡನೆ ಬಳಗದ ಅರ್ಧ ಜನ ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆಂದು ಗೊತ್ತು. ಆದರೂ ಹೇಳುತ್ತೇನೆ: ಕಫ.

ಸಂಪಾದಕರೇ ಮೊದಲು ನಕ್ಕರು. "ಸಾಹಿತ್ಯ ಬಳಗಕ್ಕೂ ಕಫಕ್ಕೂ ಎಂತ ಸಂಬಂಧ ಮಾರಾಯ? ಆರೋಗ್ಯ ಶಿಕ್ಷಣದ ಬಗ್ಗೆ ಬರೀತೀಯಾದ್ರೆ ಬರಿ, ಅದಾದ್ರೆ ಗಂಭೀರ ವಿಷಯ" ಅಂದರು. ಸ್ವಾಮಿ, ನಾನು ಬರೆಯುತ್ತಿರುವುದು ಆರೋಗ್ಯ ಶಿಕ್ಷಣದ ಬಗ್ಗೆಯೇ. "ಶಾಲೆಗಳಲ್ಲಿ ಆರೋಗ್ಯ ಶಿಕ್ಷಣ ಕಡ್ಡಾಯವಾಗಬೇಕೆ?" ಎಂಬುದು ನಮ್ಮ ಚರ್ಚಾಸ್ಪರ್ಧೆಗಳ ಹಳೆಯ ಗಿರಾಕಿ. ಬಿ.ಎ. ಮೊದಲ ವರ್ಷದಲ್ಲಿ ನಾನೂ ಅದರ ಪರವಾಗಿ ಮಾತಾಡಿ ಎರಡನೇ ಬಹುಮಾನ ಹೊಡೆದವನು. ಆರೋಗ್ಯವೇ ಭಾಗ್ಯ ಎಂದು ಶುರುಮಾಡಿ, ನಾಳಿನ ಪ್ರಜೆಗಳು ಎಂದು ಕೈ ಎತ್ತಿ ಮುಗಿಸಿದ್ದೆ. ಐದು ನಿಮಿಷದ ಆ ಭಾಷಣದಲ್ಲಿ ನನ್ನ ಅಪ್ಪನ ಮಾತು ಒಂದು ಸಲವೂ ಬರಲಿಲ್ಲ. ಈಗ ಆ ಸ್ಟೀಲಿನ ಲೋಟ ಕಂಡರೆ ಒಂಥರಾ ಆಗುತ್ತದೆ. ಅಂದು ಹೇಳದ್ದನ್ನು ಇಂದು ಹೇಳುತ್ತೇನೆ.

ನಮ್ಮ ಮನೆ ವರ್ತಕ ನಗರದ ಒಂದು ಹಳೆಯ ಮ್ಹಾಡಾ ಕಟ್ಟಡದಲ್ಲಿ. ಒಂದು ಕೋಣೆ, ಒಂದು ಅಡಿಗೆಮನೆ, ಐದು ಜನ. ಕುಂದಾಪುರದ ಕಡೆಯವರು ನಾವು. ಅಪ್ಪ ಚಿಕ್ಕ ವಯಸ್ಸಿನಲ್ಲೇ ಊರು ಬಿಟ್ಟು ಬಂದು, ಕಪ್ಪು ಬಸಿ ತೊಳೆದು, ಟೇಬಲ್ಲು ಒರೆಸಿ, ಕಡೆಗೆ ವಾಗ್ಳೆ ಎಸ್ಟೇಟಿನ ಹೋಟೆಲೊಂದರಲ್ಲಿ ಭಟ್ಟಿಯ ಮುಂದೆ ನಿಂತವರು. 2016ರ ಮಳೆಗಾಲದಲ್ಲಿ ಅವರಿಗೆ ಕೆಮ್ಮು ಹಿಡಿಯಿತು. ನಾನಾಗ ಒಂಬತ್ತನೆಯ ತರಗತಿ. "ಎಂತ ಇಲ್ಲೆ, ಭಟ್ಟಿ ಹೊಗೆ ಕೆಮ್ಮು" ಅಂತ ಅಪ್ಪ ಹೇಳಿದ್ದನ್ನು ನಾವೆಲ್ಲ ನಂಬಿದೆವು. ಅಮ್ಮ ಶುಂಠಿ-ಕಾಳುಮೆಣಸಿನ ಕಷಾಯ ಮಾಡಿಕೊಟ್ಟರು. ಬೀದಿಯಾಚೆಯ ಒಬ್ಬ ಖಾಸಗಿ ಡಾಕ್ಟರರು ಮೂರು ಸಲ ಸಿರಪ್ಪು ಬರೆದುಕೊಟ್ಟರು, ಮೂರನೆಯ ಸಲ ಬಣ್ಣ ಮಾತ್ರ ಬೇರೆ. ಚೌತಿ ಕಳೆಯಿತು. ಅಪ್ಪನ ಅಂಗಿ ಹೆಗಲಿನಿಂದ ಜಾರತೊಡಗಿತು. ಕೆಮ್ಮು ನಿಲ್ಲಲಿಲ್ಲ.

ಅದೇ ದಿನಗಳಲ್ಲಿ ನಮ್ಮ ಶಾಲೆಯಲ್ಲಿ ವಿಜ್ಞಾನದ ಘಟಕ ಪರೀಕ್ಷೆ ನಡೆಯಿತು. ಠಾಣೆಯಿಂದ ರೈಲಿನಲ್ಲಿ ಹೋಗಿ ಓದುತ್ತಿದ್ದ ಕನ್ನಡ ಮಾಧ್ಯಮದ ಶಾಲೆ ಅದು, ಹೆಸರು ಬೇಡ. ರೋಗಗಳ ಕೋಷ್ಟಕ ಪೂರ್ಣಗೊಳಿಸಿರಿ ಎಂಬ ಪ್ರಶ್ನೆ ಬಂದಿತ್ತು. ರೋಗ: ಕ್ಷಯ. ರೋಗಾಣು: ಮೈಕೋಬ್ಯಾಕ್ಟೀರಿಯಂ ಟ್ಯುಬರ್ಕ್ಯುಲೋಸಿಸ್. ಹರಡುವ ಬಗೆ: ಗಾಳಿಯ ಮೂಲಕ. ಲಕ್ಷಣ: ದೀರ್ಘಕಾಲದ ಕೆಮ್ಮು, ತೂಕ ಕಡಿಮೆಯಾಗುವುದು, ಸಂಜೆಯ ಜ್ವರ. ಕಾಗುಣಿತದ ತಪ್ಪೂ ಇಲ್ಲದೆ ಬರೆದೆ. ಪೂರ್ತಿ ಅಂಕ ಬಂತು. ಉತ್ತರಪತ್ರಿಕೆಗೆ ಪಾಲಕರ ಸಹಿ ಬೇಕಿತ್ತು. ಅಪ್ಪ ಕೆಮ್ಮುತ್ತ ಕೆಮ್ಮುತ್ತ, ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು, ಸಹಿ ಹಾಕಿದರು.

ಇದನ್ನು ಕತೆ ಕಟ್ಟಿ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಆ ಕಾಗದ ಇನ್ನೂ ನನ್ನ ಹತ್ತಿರ ಇದೆ. ಕೋಷ್ಟಕದ ಕ್ಷಯ ಪುಸ್ತಕದಲ್ಲಿತ್ತು, ಅಪ್ಪನ ಕೆಮ್ಮು ಮನೆಯಲ್ಲಿತ್ತು. ಎರಡಕ್ಕೂ ಸಂಬಂಧ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ. ಹೊಳೆಯುವ ಹಾಗೆ ನನಗೆ ಯಾರೂ ಕಲಿಸಿರಲಿಲ್ಲ. ದಡ್ಡನೇನೂ ಅಲ್ಲ ನಾನು, ವರ್ಗದಲ್ಲಿ ಎರಡನೆಯವನು.

ಕಡೆಗೆ ರೋಗ ಹಿಡಿದವರು ಹೋಟೆಲಿನ ಗಲ್ಲೆಯ ಮೇಲೆ ಕೂರುತ್ತಿದ್ದ ಒಬ್ಬ ಹಿರಿಯರು. ಓದಿದ್ದು ನಾಲ್ಕನೆಯ ತರಗತಿ. "ಇದು ಹೊಗೆ ಕೆಮ್ಮಲ್ಲ, ನಂಗೆ ಬಂದದ್ದೇ ಇದು. ಸರಕಾರಿ ದವಾಖಾನೆಗೆ ಹೋಗು, ದುಡ್ಡು ಕೊಡುಕಿಲ್ಲೆ" ಅಂದರಂತೆ. ಅಪ್ಪ ಕೇಸ್ ಪೇಪರ್ ಮಾಡಿಸಿದರು. ಅಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಕೊಟ್ಟು, 'ಥುಂಕಿ' ತನ್ನಿ ಅಂದರು. ಇಷ್ಟು ವರ್ಷ ಮಹಾರಾಷ್ಟ್ರದಲ್ಲಿದ್ದ ಅಪ್ಪನಿಗೆ ಹೋಟೆಲಿಗೆ ಬೇಕಾದ ಮರಾಠಿ ಚೆನ್ನಾಗಿ ಗೊತ್ತು. ಥುಂಕಿ ಎಂದರೆ ಉಗುಳು. ಮರಾಠಿಯಲ್ಲಿ ಆ ಒಂದೇ ಮಾತು ಉಗುಳಿಗೂ ನಡೆಯುತ್ತದೆ, ಎದೆಯ ಕಫಕ್ಕೂ ನಡೆಯುತ್ತದೆ. ಅಪ್ಪ ಹೋಟೆಲಿನಲ್ಲಿ ಬೆಳೆದವರು. ನಾಲ್ಕು ಜನರ ಎದುರು ಕ್ಯಾಕರಿಸುವುದೆಂದರೆ ಅವರಿಗೆ ಮಾನ ಹೋದ ಹಾಗೆ. ಬಾಯಿ ಸ್ವಚ್ಛವಾಗಿ ತೊಳೆದು, ಮೂಲೆಗೆ ತಿರುಗಿ ನಿಂತು, ತಿಳಿಯಾದ ಉಗುಳನ್ನು ಡಬ್ಬಿಯಲ್ಲಿ ಕೊಟ್ಟು ಬಂದರು. ಉಗುಳಿನಲ್ಲಿ ರೋಗಾಣು ಎಲ್ಲಿಂದ ಸಿಗಬೇಕು? ಏನೂ ಇಲ್ಲ ಅಂತ ರಿಪೋರ್ಟು ಬಂತು. ಅಮ್ಮ ಆನೆಗುಡ್ಡೆ ಗಣಪತಿಗೆ ಹೇಳಿಕೊಂಡಿದ್ದ ಹರಕೆಯ ದುಡ್ಡು ತೆಗೆದಿಟ್ಟರು.

ಇನ್ನೂ ಮೂರು ವಾರ ಹೋಯಿತು. ಎರಡನೆಯ ಸಲ ಹೋದಾಗ ಅಲ್ಲಿದ್ದ ಒಬ್ಬ ಸಿಸ್ಟರಿಗೆ ಕನ್ನಡ ಬರುತ್ತಿತ್ತು, ಅಕ್ಕಲಕೋಟೆಯ ಕಡೆಯವರು. ಅಪ್ಪನ ಹೆಸರು ನೋಡಿ ಕನ್ನಡದಲ್ಲೇ ಹೇಳಿದರು: "ಉಗುಳಲ್ಲರೀ ಕಾಕಾ, ಕಫ. ಎದ್ಯಾಗಿಂದ ಕೆಮ್ಮಿ ತೆಗೀರಿ. ನಾಚಬ್ಯಾಡ್ರಿ." ಆ ಸಲ ರೋಗ ಸಿಕ್ಕಿತು.

ನಡುವೆ ಹೋದ ಮೂರು ವಾರ ಒಂದು ಶಬ್ದದ ಮೇಲೆ ಹೋದದ್ದು. ಭಾಷೆ ಓದುವ ನಮಗೆ, ಶಬ್ದಾರ್ಥ, ಧ್ವನಿ, ಔಚಿತ್ಯ ಎಂದು ಪುಟಗಟ್ಟಲೆ ಬರೆಯುವ ನಮಗೆ, ಇದಕ್ಕಿಂತ ದೊಡ್ಡ ಅರ್ಥದ ಪ್ರಶ್ನೆ ಎಲ್ಲಿ ಸಿಗುತ್ತದೆ ಹೇಳಿ. ಆ ಮೂರು ವಾರವೂ ಅಪ್ಪ ಅದೇ ಒಂದು ಕೋಣೆಯಲ್ಲಿ ನಮ್ಮ ನಡುವೆ ಮಲಗಿ ಕೆಮ್ಮುತ್ತಿದ್ದರು.

ಆಮೇಲೆ ನಾವು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಅಪ್ಪನ ತಟ್ಟೆ ಲೋಟ ಬೇರೆ ಮಾಡಿದೆವು. ಕೆಮ್ಮಿನ ಸದ್ದು ಪಕ್ಕದ ಮನೆಗೆ ಕೇಳಬಾರದೆಂದು ಕಿಟಕಿ ಮುಚ್ಚಿದೆವು. ಮಾಡಬೇಕಾದದ್ದು ಇದರ ತಿರುವುಮುರುವು. ಕ್ಷಯ ತಟ್ಟೆಯಿಂದ ಹರಡುವುದಿಲ್ಲ, ಮುಚ್ಚಿದ ಕೋಣೆಯ ಗಾಳಿಯಿಂದ ಹರಡುತ್ತದೆ. ಗಾಳಿಯ ಮೂಲಕ ಎಂದು ಬರೆದು ಒಂದು ಅಂಕ ಪಡೆದವನೇ ಎದ್ದು ಹೋಗಿ ಕಿಟಕಿಯ ಚಿಲಕ ಹಾಕಿದ್ದು. ಆಗಿನ ಪದ್ಧತಿಯಂತೆ ವಾರಕ್ಕೆ ಮೂರು ದಿನ ಅಪ್ಪ ಕೇಂದ್ರಕ್ಕೆ ಹೋಗಿ ಮಾತ್ರೆ ನುಂಗಿ ಬರಬೇಕಿತ್ತು. ಎರಡನೆಯ ವಾರ ಒಂದು ದಿನ ತಪ್ಪಿಸಿದರು, ಮತ್ತೊಂದು ದಿನವೂ ತಪ್ಪಿಸಿದರು. ಕೇಳಿದರೆ ಉತ್ತರವಿಲ್ಲ. ಕಡೆಗೆ ಅಮ್ಮನ ಹತ್ತಿರ ಮೆಲ್ಲಗೆ ಹೇಳಿದ್ದು, ಮೂತ್ರ ಕೆಂಪಗೆ ಹೋಗುತ್ತಿದೆ, ರಕ್ತ ಇರಬೇಕು ಅಂತ. ಅದು ರಿಫಾಂಪಿಸಿನ್ ಎಂಬ ಮಾತ್ರೆಯ ಬಣ್ಣ. ಯಾರಿಗಾದರೂ ಹಾಗೇ ಆಗುತ್ತದೆ, ಹೆದರುವುದಕ್ಕೇನಿಲ್ಲ. ಅಷ್ಟನ್ನು ಮೊದಲೇ ಹೇಳುವುದಕ್ಕೆ ಅರ್ಧ ನಿಮಿಷ ಸಾಕಿತ್ತು. ನಡುವೆ ಮಾತ್ರೆ ಬಿಟ್ಟರೆ ರೋಗ ಮದ್ದಿಗೆ ಬಗ್ಗದ ರೋಗವಾಗಿ ತಿರುಗಿ ಬರಬಹುದು. ಮುಂಬಯಿಯ ಸುತ್ತಮುತ್ತ ಅಂಥ ಕ್ಷಯ ಎಷ್ಟು ಜನರನ್ನು ತಿಂದಿದೆ ಎಂಬುದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ನಮ್ಮ ಅದೃಷ್ಟ, ಅಪ್ಪ ಮತ್ತೆ ಹೋದರು, ಪೂರ್ತಿ ಮುಗಿಸಿದರು, ಗುಣವಾದರು. ಈಗಲೂ ಭಟ್ಟಿಯ ಮುಂದೆಯೇ ಇದ್ದಾರೆ. ಆದರೆ ಬೇರೆ ತಟ್ಟೆಯಲ್ಲಿ ಉಂಡ ಆ ತಿಂಗಳುಗಳನ್ನು ಅವರು ಮರೆತಿಲ್ಲ, ನಾವು ಮರೆತಂತೆ ನಟಿಸುತ್ತೇವೆ.

ಇನ್ನು ಕಡ್ಡಾಯದ ಮಾತು.

ಚರ್ಚಾಸ್ಪರ್ಧೆಯಲ್ಲಿ ನಾವು ಕಿರುಚುತ್ತೇವಲ್ಲ, ಕಡ್ಡಾಯವಾಗಬೇಕು, ಕಡ್ಡಾಯವಾಗಬೇಕು ಅಂತ, ಅದು ಆಗಿ ಎಷ್ಟೋ ಕಾಲವಾಯಿತು. ಈ ದೇಶದಲ್ಲಿ ಶಾಲೆಯ ಮಕ್ಕಳ ವೈದ್ಯಕೀಯ ತಪಾಸಣೆ ಬರೋಡದಲ್ಲಿ ಆರಂಭವಾದದ್ದು 1909ರಲ್ಲಿ. 1946ರ ಭೋರ್ ಸಮಿತಿ, ಶಾಲಾ ಆರೋಗ್ಯ ಸೇವೆ ಎಂಬುದು ಇಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂದು ಬರೆಯಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಆರೋಗ್ಯ ಮತ್ತು ದೈಹಿಕ ಶಿಕ್ಷಣ ಹತ್ತನೆಯ ತರಗತಿಯವರೆಗೆ ಕಡ್ಡಾಯ ವಿಷಯವಾಗಿರಲಿ, ಉಳಿದ ವಿಷಯಗಳಷ್ಟೇ ಮಾನ ಅದಕ್ಕೂ ಇರಲಿ ಎಂದು ಹೇಳಿತು. ನಮ್ಮ ಮಹಾರಾಷ್ಟ್ರದಲ್ಲಿ ಅದು ಶಾಲೆಯೇ ಶ್ರೇಣಿ ಕೊಡುವ ವಿಷಯ, ಬೋರ್ಡಿನ ಪ್ರಶ್ನೆಪತ್ರಿಕೆ ಇಲ್ಲ. ಪ್ರಶ್ನೆಪತ್ರಿಕೆ ಇಲ್ಲದ ವಿಷಯಕ್ಕೆ ಶಾಲೆಯಲ್ಲಿ ಏನು ಗತಿ ಎಂದು ನಿಮಗೆ ಹೇಳಬೇಕೆ? ನನ್ನ ಶಾಲೆಯ ವೇಳಾಪಟ್ಟಿಯಲ್ಲಿ ಅದರ ತಾಸು ಇತ್ತು. ಆ ತಾಸಿನಲ್ಲಿ ಗಣಿತದ ಸರ್ ಬಂದು ಬಾಕಿ ಉಳಿದ ಪ್ರಮೇಯ ಮುಗಿಸುತ್ತಿದ್ದರು. ವರ್ಷದ ಕೊನೆಗೆ ಎಲ್ಲರಿಗೂ 'ಎ' ಶ್ರೇಣಿ. ಅಪ್ಪನಿಗೆ ಕ್ಷಯ ಇದ್ದ ವರ್ಷ ಆರೋಗ್ಯ ವಿಷಯದಲ್ಲಿ ನನಗೆ ಬಂದದ್ದೂ 'ಎ'.

2020ರಲ್ಲಿ ಆಯುಷ್ಮಾನ್ ಭಾರತದ ಅಡಿಯಲ್ಲಿ ಶಾಲಾ ಆರೋಗ್ಯ ಕಾರ್ಯಕ್ರಮ ಬಂತು. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರಿಗೆ, ಸಾಧ್ಯವಾದರೆ ಒಬ್ಬ ಗಂಡಸು ಒಬ್ಬ ಹೆಂಗಸು, ತರಬೇತಿ ಕೊಟ್ಟು 'ಆರೋಗ್ಯ ದೂತರು' ಎಂದು ನೇಮಿಸುವುದು, ವಾರಕ್ಕೊಂದು ತಾಸು ಪಾಠ, ಹನ್ನೊಂದು ವಿಷಯ. ಬೆಳವಣಿಗೆ, ಮನಸ್ಸು, ಸಂಬಂಧ, ಹೆಣ್ಣು-ಗಂಡಿನ ಸಮಾನತೆ, ಆಹಾರ, ಮಾದಕ ವಸ್ತು, ಸಂತಾನ ಮತ್ತು ಎಚ್‌ಐವಿ, ಅಂತರ್ಜಾಲದ ಎಚ್ಚರ ಎಲ್ಲ ಇದೆ. ಕಾಗದದ ಮೇಲೆ ಒಳ್ಳೆಯ ಯೋಜನೆ, ವ್ಯಂಗ್ಯವಾಗಿ ಹೇಳುತ್ತಿಲ್ಲ. ಆದರೆ ಅದೇ ಶಿಕ್ಷಕರು ಚುನಾವಣೆಯ ಯಾದಿ ಮಾಡಬೇಕು, ಖಿಚಡಿಯ ಲೆಕ್ಕ ಬರೆಯಬೇಕು, ಮೊಬೈಲಿನಲ್ಲಿ ಹತ್ತು ಥರದ ಮಾಹಿತಿ ತುಂಬಬೇಕು. ದೂತರಿಗೆ ರೆಕ್ಕೆ ಎಲ್ಲಿಂದ ಬರಬೇಕು?

ನಾಚಿಕೆಯ ಪ್ರಕರಣ ಇನ್ನೊಂದು. ಹದಿಹರೆಯದವರ ಶಿಕ್ಷಣ ಕಾರ್ಯಕ್ರಮ ಎಂದು 2005ರಲ್ಲಿ ಕೇಂದ್ರ ಸರಕಾರ ಒಂದನ್ನು ತಂದಿತ್ತು. ಏಡ್ಸ್ ಹರಡುತ್ತಿದ್ದ ಕಾಲ. 2007ರಲ್ಲಿ ಅದನ್ನು ಬೇಡವೆಂದ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಇತ್ತು, ಕರ್ನಾಟಕವೂ ಇತ್ತು. ಬೆಳಗಾವಿಯ ಒಂದಂಗುಲ ನೆಲದ ಬಗ್ಗೆ ಈವರೆಗೆ ಒಮ್ಮತಕ್ಕೆ ಬರದ ಎರಡು ರಾಜ್ಯಗಳು, ಮಕ್ಕಳಿಗೆ ಅವರ ಮೈಯ ವಿಷಯ ಹೇಳಬಾರದು ಎಂಬ ಒಂದು ವಿಷಯದಲ್ಲಿ ಅಣ್ಣತಮ್ಮಂದಿರಂತೆ ಒಂದಾದವು! ನಮ್ಮ ಶಾಲೆಯಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ಟೀಚರು "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಅಂದರು. ಒಂದು ಕೋಣೆಯ ಮನೆಯಲ್ಲಿ ಅದನ್ನು ಯಾರ ಎದುರು ಓದಿಕೊಳ್ಳುವುದು? ನನ್ನ ತಂಗಿಯ ಅನುಭವ ಇದಕ್ಕಿಂತ ಕಷ್ಟದ್ದು. ಅದನ್ನು ಅವಳೇ ಬರೆಯಬೇಕು, ನಾನಲ್ಲ. ಮುಂದಿನ ಸಂಚಿಕೆಗೆ ಕೇಳಿದ್ದೇನೆ, ನೋಡೋಣ.

ಹಾಗಾದರೆ ಆರೋಗ್ಯದ ಪಾಠವನ್ನೂ ಬೋರ್ಡಿನ ಪರೀಕ್ಷೆಗೆ ಹಾಕಿಬಿಡೋಣ, ನೂರು ಅಂಕ ಇಡೋಣ ಎಂದು ಕೆಲವರು ಹೇಳಬಹುದು. ಅಂಕಗಳ ಮಾತನ್ನು ನನ್ನ ಎದುರು ಎತ್ತಬೇಡಿ. ಪೂರ್ತಿ ಅಂಕ ತೆಗೆದವನ ಮನೆಯ ಕತೆಯನ್ನು ಈಗಷ್ಟೇ ಓದಿದಿರಿ.

ಇಲ್ಲಿ ಒಂದು ಹಳೆಯ ಅಧ್ಯಯನವನ್ನು ನೆನೆಯಬೇಕು, ಅದೂ ನಮ್ಮ ನಾಡಿನದೇ. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ, 1959ರಲ್ಲಿ ಸ್ಥಾಪನೆಯಾದದ್ದು. ಅಲ್ಲಿಯ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಮನೆಮನೆ ತಪಾಸಣೆ ಮಾಡಿದರು. ಡಿ. ಬ್ಯಾನರ್ಜಿ ಮತ್ತು ಎಸ್. ಆಂಡರ್ಸನ್ ಎಂಬಿಬ್ಬರು ರೋಗ ಇದ್ದವರನ್ನು ಕೂರಿಸಿ ಮಾತಾಡಿಸಿದರು. ಅಲ್ಲಿಯವರೆಗೆ ದೊಡ್ಡವರ ನಂಬಿಕೆ ಏನಿತ್ತೆಂದರೆ, ಹಳ್ಳಿಯವರು ಅಜ್ಞಾನಿಗಳು, ಕೆಮ್ಮನ್ನು ಅಲಕ್ಷಿಸುತ್ತಾರೆ, ಅವರಿಗೆ ತಿಳುವಳಿಕೆ ಕೊಡಬೇಕು. 1963ರಲ್ಲಿ ಪ್ರಕಟವಾದ ಫಲಿತಾಂಶ ಬೇರೆಯೇ ಹೇಳಿತು. ರೋಗಿಗಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತಮಗೇನೋ ಆಗಿದೆಯೆಂಬುದು ಗೊತ್ತಿತ್ತು. ಬಹಳ ಜನ ಚಿಂತೆಪಡುತ್ತಿದ್ದರು. ಸುಮಾರು ಅರ್ಧದಷ್ಟು ಜನ ಆಗಲೇ ಸರಕಾರಿ ಆಸ್ಪತ್ರೆಗೆ ನಡೆದುಕೊಂಡು ಹೋಗಿಯೂ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಒಂದು ಬಾಟಲಿ.

ಓದಿದಾಗ ನನಗೆ ಅನಿಸಿದ್ದು, ತುಮಕೂರಿನ ಆ ಬಾಟಲಿಯೇ ಐವತ್ತಕ್ಕೂ ಹೆಚ್ಚು ವರ್ಷ ಉರುಳಿಕೊಂಡು ಬಂದು ವರ್ತಕ ನಗರದ ನಮ್ಮ ಮನೆಯ ಷೆಲ್ಫಿನ ಮೇಲೆ ಕೂತಿತು ಎಂದು. ನಮ್ಮ ಆರೋಗ್ಯ ಶಿಕ್ಷಣದ ಮೂಲ ದೋಷವೂ ನನಗೆ ಅಲ್ಲೇ ಕಂಡಿತು. ಅದು ಕಲಿಯುವವನನ್ನು ಕೊಳಕ ಎಂದು ಹಿಡಿದುಕೊಂಡು ಹೊರಡುತ್ತದೆ. ಉಗುರು ಕತ್ತರಿಸು, ಕೈ ತೊಳೆ, ಹಲ್ಲುಜ್ಜು, ಹೊರಗೆ ತಿನ್ನಬೇಡ. ಹೊರಗೆ ತಿನ್ನಬೇಡ ಎಂದು ಹೋಟೆಲು ಕಾರ್ಮಿಕನ ಮಗನಿಗೆ ಹೇಳಿಕೊಡುವುದು ಬೇರೆ! ಮಗುವಿಗೆ ಹೇಳುವುದೆಲ್ಲ ಅದು ಮಾಡಬೇಕಾದ್ದು. ಅದು ಕೇಳಿ ಪಡೆಯಬೇಕಾದ್ದನ್ನು ಯಾರೂ ಹೇಳುವುದಿಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಕಫದ ಪರೀಕ್ಷೆ ಮಾಡಿಸಬೇಕು, ಸರಕಾರಿ ಕೇಂದ್ರದಲ್ಲಿ ಅದು ಪುಕ್ಕಟೆ, ಮಾತ್ರೆಯೂ ಪುಕ್ಕಟೆ. 2018ರಿಂದ ಚಿಕಿತ್ಸೆ ಮುಗಿಯುವ ತನಕ ರೋಗಿಗೆ ಊಟದ ಖರ್ಚಿಗೆಂದು ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ ಅದು 1000 ಆಯಿತು. ಇದನ್ನೆಲ್ಲ ಶಾಲೆಯ ಮಗು ಬಿಡಿ, ಎಂ.ಎ. ಓದುವ ನಮ್ಮಲ್ಲಿ ಎಷ್ಟು ಜನ ಬಲ್ಲೆವು? ಲೋಕದ ಕ್ಷಯರೋಗಿಗಳಲ್ಲಿ ನಾಲ್ವರಲ್ಲಿ ಒಬ್ಬರು ನಮ್ಮ ದೇಶದವರು. 2025ರೊಳಗೆ ಕ್ಷಯಮುಕ್ತ ಎಂದು ಗೋಡೆಗೋಡೆಗೆ ಬರೆದರು. 2025 ಬಂದು ಹೋಯಿತು, ಬರಹ ಇನ್ನೂ ಕೆಲವು ಗೋಡೆಗಳ ಮೇಲಿದೆ.

ಆದ್ದರಿಂದ ನನ್ನ ವಾದ ಇಷ್ಟು. ಕಡ್ಡಾಯ ಮಾಡುವುದಿದ್ದರೆ ಪಾಠವನ್ನು ಮಾಡಬೇಡಿ, ಹೋಗಿ ಬರುವುದನ್ನು ಮಾಡಿ. ಏಳನೆಯ ತರಗತಿ ದಾಟುವ ಮೊದಲು ಮಹಾನಗರಪಾಲಿಕೆಯ, ಜಿಲ್ಲಾ ಪರಿಷತ್ತಿನ ಶಾಲೆಗಳ ಪ್ರತಿ ಮಗುವೂ ಒಂದು ಸಲ ತನ್ನ ವಸತಿಯ ಆರೋಗ್ಯ ಕೇಂದ್ರಕ್ಕೆ ಹೋಗಿ ಬರಲಿ. ಕೇಸ್ ಪೇಪರ್ ಎಲ್ಲಿ ಮಾಡಿಸುವುದು, ಯಾವ ಸಾಲಿನಲ್ಲಿ ನಿಲ್ಲುವುದು, ಯಾವುದಕ್ಕೆ ದುಡ್ಡಿಲ್ಲ, ಆ ಡಬ್ಬಿಯಲ್ಲಿ ಏನು ತುಂಬಬೇಕು, ರಿಪೋರ್ಟಿನ ಮೇಲೆ ಬರೆದದ್ದನ್ನು ಹೇಗೆ ಓದುವುದು, ಅರ್ಥವಾಗದಿದ್ದರೆ ಯಾರನ್ನು ಕೇಳುವುದು. ಅಂಕ ಬೇಡ, ಶ್ರೇಣಿಯೂ ಬೇಡ. ಪಿಕ್ನಿಕ್ಕಿಗೆಂದು ಎಸ್ಸೆಲ್ ವರ್ಲ್ಡಿಗೆ ಕರಕೊಂಡು ಹೋಗುತ್ತಿದ್ದ ಶಾಲೆಗಳಿಗೆ ಹತ್ತು ನಿಮಿಷ ನಡೆದರೆ ಸಿಗುವ ದವಾಖಾನೆಗೆ ಹೋಗುವುದು ಅಸಾಧ್ಯವೇನಲ್ಲ. ನಮ್ಮ ಮನೆಗಳಲ್ಲಿ ಅರ್ಜಿ ತುಂಬುವವರು, ಬ್ಯಾಂಕಿನ ಚೀಟಿ ಓದುವವರು, ಆಸ್ಪತ್ರೆಯಲ್ಲಿ ಅಪ್ಪ ಅಮ್ಮನ ಪರವಾಗಿ ಮಾತಾಡುವವರು ಮಕ್ಕಳೇ. ಮೊದಲ ತಲೆಮಾರಿನಲ್ಲಿ ಓದಿದವರ ಮನೆಗಳಲ್ಲೆಲ್ಲ ಹೀಗೆ. ಅವರು ಈ ಕೆಲಸವನ್ನು ಹೇಗೂ ಮಾಡುತ್ತಿದ್ದಾರೆ, ತಿಳಿದು ಮಾಡಲಿ ಎಂಬುದಷ್ಟೇ.

"ಅದು ಸರಿ, ಕನ್ನಡ ಶಾಲೆಗಳೇ ಮುಚ್ಚುತ್ತಿರುವಾಗ ಇದರಲ್ಲಿ ಕನ್ನಡದ ಮಾತೇನು?" ಎಂದು ಒಬ್ಬ ಮಿತ್ರರು ಕೇಳಿದರು. ನ್ಯಾಯವಾದ ಪ್ರಶ್ನೆ. ಪುಣೆಯ ಬಾಲಭಾರತಿ 1967ರಲ್ಲಿ ಸ್ಥಾಪನೆಯಾದ ಸಂಸ್ಥೆ, ಮಹಾರಾಷ್ಟ್ರದ ಶಾಲೆಗಳಿಗೆ ಕನ್ನಡದಲ್ಲೂ ಪಠ್ಯಪುಸ್ತಕ ತರುತ್ತದೆ. ಜತ್ತ, ಅಕ್ಕಲಕೋಟೆ ಕಡೆಯ ಜಿಲ್ಲಾ ಪರಿಷತ್ ಶಾಲೆಗಳ ಮಕ್ಕಳು ಅವನ್ನು ಓದುತ್ತಾರೆ. ಅದಕ್ಕೆ ಋಣಿಯಾಗಿರೋಣ. ಆದರೆ ವರ್ತಕ ನಗರದ ನಾಕಾದಲ್ಲಿ ಬೆಳಿಗ್ಗೆ ಎಂಟಕ್ಕೆ ಹೋಗಿ ನಿಲ್ಲಿ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ಕೂಲಿಗೆ ಕಾಯುವವರ ಕನ್ನಡ ಕಿವಿಗೆ ಬೀಳುತ್ತದೆ. ಅವರ ಮಕ್ಕಳು ಓದುವುದು, ಓದುವುದಾದರೆ, ಮರಾಠಿ ಶಾಲೆಯಲ್ಲಿ. ನಮ್ಮ ಬಳಗದ ಸದಸ್ಯರ ಪಟ್ಟಿಯಲ್ಲಿ ಅವರ ಕಡೆಯ ಒಬ್ಬರೂ ಇಲ್ಲ. ನಾವು ಕರಾವಳಿಯವರು, ಅವರು ಬಯಲುಸೀಮೆಯವರು, ಯಾವತ್ತೂ ಮಾತಾಡಿಸಿದ್ದಿಲ್ಲ. ಸಿಮೆಂಟಿನ ಧೂಳಿನಲ್ಲಿ ಕೆಲಸ, ತಗಡಿನ ಮನೆಯಲ್ಲಿ ಹತ್ತು ಜನ. ಅವರಿಗೂ ಒಂದು ದಿನ ಯಾರೋ ಡಬ್ಬಿ ಕೊಟ್ಟು ಥುಂಕಿ ತನ್ನಿ ಅನ್ನುತ್ತಾರೆ.

ಕನ್ನಡಕ್ಕೆ ಇಲ್ಲಿ ಕೆಲಸ ಇರುವುದು ಹೀಗೆ. ಉಗುಳು, ಎಂಜಲು, ಜೊಲ್ಲು, ಸಿಂಬಳ, ಗೊಣ್ಣೆ, ಕಫ. ಯಾವುದಕ್ಕೆ ಯಾವುದು ಎಂದು ನಮ್ಮ ಭಾಷೆಯ ಮಗುವಿಗೂ ಗೊತ್ತು. ಇಷ್ಟು ಮಾತುಗಳಿರುವ ಭಾಷೆಯವನು ಮಾತು ತಿಳಿಯದೆ ಮೂರು ವಾರ ಕಳಕೊಂಡ. ಇನ್ನು ನಮ್ಮ ಪಂಡಿತರ ಕೈಗೆ ಕೊಟ್ಟರೆ 'ಶ್ಲೇಷ್ಮ ಪರೀಕ್ಷೆ' ಎಂದು ಬರೆದುಬಿಡುತ್ತಾರೆ, ಅದಕ್ಕಿಂತ ಥುಂಕಿಯೇ ವಾಸಿ.

ಮೈಯ ವಿಷಯವನ್ನು ಮನೆಮಾತಿನ ಕನ್ನಡದಲ್ಲಿ ಬರೆದ ದೊಡ್ಡವರು ನಮಗೆ ಇಲ್ಲವೆಂದಲ್ಲ. ಕಾರಂತರು 1930ರ ದಶಕದಲ್ಲೇ 'ಬಾಲ ಪ್ರಪಂಚ' ಬರೆದು ಮಕ್ಕಳ ಮುಂದೆ ಲೋಕವನ್ನೆಲ್ಲ ಹರಡಿದರು. 'ಕೊರವಂಜಿ'ಯ ರಾಶಿಯವರು ವೃತ್ತಿಯಿಂದ ಡಾಕ್ಟರು. ಎಲ್ಲಕ್ಕಿಂತ ಮುಖ್ಯವಾಗಿ ಡಾ. ಅನುಪಮಾ ನಿರಂಜನ. ವೈದ್ಯೆಯಾಗಿದ್ದು 'ತಾಯಿ-ಮಗು', 'ದಾಂಪತ್ಯ ದೀಪಿಕೆ', 'ಕೇಳು ಕಿಶೋರಿ' ಬರೆದವರು. ಕನ್ನಡದ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಬಾಗಿಲ ಹಿಂದೆ ನಿಂತು ಓದಿದ ಪುಸ್ತಕಗಳು ಅವು. ನಾವು ಅವರ 'ಮಾಧವಿ'ಯ ಮೇಲೆ ಸೆಮಿನಾರು ಮಾಡುತ್ತೇವೆ. 'ಕೇಳು ಕಿಶೋರಿ'ಯ ಭಾಷೆಯ ಮೇಲೆ ಒಂದು ಪ್ರಬಂಧ ಬರೆಯುತ್ತೇನೆಂದರೆ ಸಾಹಿತ್ಯ ಅಲ್ಲ ಅನ್ನುತ್ತಾರೆ. ನನಗೆ ಹಾಗೆ ಅಂದಾಗಿದೆ. ನಮ್ಮ ಸಾಹಿತ್ಯಕ್ಕೆ ಕ್ಷಯ ಹೊಸದೇನೂ ಅಲ್ಲ. ಹಳೆಯ ಕಾದಂಬರಿಗಳ ಎಷ್ಟು ನಾಯಕಿಯರು ಕರವಸ್ತ್ರದಲ್ಲಿ ರಕ್ತದ ಕಲೆ ನೋಡಿಕೊಂಡು, ಕಿಟಕಿಯ ಪಕ್ಕ ಮಲಗಿ, ಕೊನೆಯ ಅಧ್ಯಾಯದಲ್ಲಿ ಕಣ್ಣು ಮುಚ್ಚಿದರು! ಓದುಗರೆಲ್ಲ ಅತ್ತರು. ಕಾಕ್ ಎಂಬವನು ಕ್ಷಯದ ರೋಗಾಣುವನ್ನು ಕಂಡದ್ದನ್ನು ಪ್ರಕಟಿಸಿದ್ದು 1882ರಲ್ಲಿ, ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ನಮ್ಮ ನಾಯಕಿಯರು ಆಮೇಲೂ ಬಹಳ ವರ್ಷ ಸಾಯುತ್ತಲೇ ಇದ್ದರು. ಅವರಲ್ಲಿ ಒಬ್ಬಳಾದರೂ ಡಬ್ಬಿ ಹಿಡಿದು ಕ್ಯಾಕರಿಸಿದ್ದನ್ನು ನಾನಂತೂ ಓದಿಲ್ಲ.

ಮುಂಬಯಿಯ ಕನ್ನಡ ಸಂಘಗಳು ಒಂದು ಕಾಲಕ್ಕೆ ಹೋಟೆಲು ಹುಡುಗರಿಗಾಗಿ ರಾತ್ರಿಶಾಲೆ ನಡೆಸಿದವು. ಹಗಲೆಲ್ಲ ಟೇಬಲ್ಲು ಒರೆಸಿದವರು ರಾತ್ರಿ ಬೆಂಚಿನ ಮೇಲೆ ಕೂತು ಮೆಟ್ರಿಕ್ ಮಾಡಿದರು, ವಕೀಲರಾದರು, ಬ್ಯಾಂಕು ಸೇರಿದರು, ಲೇಖಕರೂ ಆದರು. ಅದನ್ನು ಯಾವ ಸರಕಾರವೂ ಕಡ್ಡಾಯ ಮಾಡಿರಲಿಲ್ಲ. ಬೇಕಾಗಿತ್ತು, ಮಾಡಿದರು. ಈಗ ಬೇಕಾಗಿರುವುದು ಅದಕ್ಕಿಂತ ಬಹಳ ಸಣ್ಣ ಕೆಲಸ. ಸರಕಾರ ಮಕ್ಕಳನ್ನು ದವಾಖಾನೆಗೆ ಕರೆದೊಯ್ಯುವ ತನಕ ನಾವು ಕೈ ಕಟ್ಟಿ ಕೂರಬೇಕಾಗಿಲ್ಲ. ಒಂದು ಹಾಳೆಯ ಕರಪತ್ರ ಸಾಕು. ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮರಾಠಿ. ಎರಡನ್ನೂ ಓದಬಲ್ಲ ಮಗು ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಬೇಕು. ವೈದ್ಯಕೀಯದ ತಪ್ಪು ನುಸುಳದಂತೆ ಡಾಕ್ಟರೊಬ್ಬರಿಗೆ ತೋರಿಸೋಣ. ಭಾಷೆಯ ತಪ್ಪನ್ನು ಮಾತ್ರ ನಮ್ಮ ಪ್ರಾಧ್ಯಾಪಕರಿಗೆ ತೋರಿಸುವುದು ಬೇಡ, ನಾಕಾದಲ್ಲಿ ನಿಲ್ಲುವವರಿಗೆ ಓದಿ ಹೇಳೋಣ. ಅವರಿಗೆ ಎಲ್ಲಿ ತಡೆಯುತ್ತದೋ ಆ ಮಾತು ತೆಗೆದು ಬೇರೆ ಹಾಕೋಣ. ವಿಮರ್ಶೆಯ ತರಗತಿಯಲ್ಲಿ ಕಲಿತದ್ದಕ್ಕೆ ಒಂದು ಉಪಯೋಗವಾದರೂ ಆಗಲಿ. ಮೊದಲ ಕರಡನ್ನು ನಾನು ಬರೆದಿದ್ದೇನೆ. ಮುಂದಿನ ಸಭೆಗೆ ತರುತ್ತೇನೆ, ಕವಿತೆ ಓದುವವರು ಓದಿ ಮುಗಿಸಿದ ಮೇಲೆ ಹತ್ತು ನಿಮಿಷ ಕೊಡಿ.

ಕರಡನ್ನು ಮೊನ್ನೆ ಅಪ್ಪನಿಗೆ ಓದಿ ಹೇಳಿದೆ. ಕೆಲಸದಿಂದ ಬಂದು ಕಾಲು ಚಾಚಿ ಕೂತಿದ್ದರು. 'ದೀರ್ಘವಾಗಿ ಶ್ವಾಸ ತೆಗೆದುಕೊಂಡು ಕಫವನ್ನು ಸಂಗ್ರಹಿಸಬೇಕು' ಎಂಬಲ್ಲಿ ಕೈ ಅಡ್ಡ ಹಿಡಿದರು. "ಅದೆಂತ ದೀರ್ಘ ಶ್ವಾಸ? ನಾನು ಕೊಟ್ಟದ್ದೂ ಸಂಗ್ರಹ ಮಾಡಿಯೇ ಅಲ್ದಾ? ಬೆಳಿಗ್ಗೆ ಎದ್ದು ಬಾಯಿ ಮುಕ್ಕಳ್ಸಿ, ಉಸಿರು ಎಳ್ಕಂಡು, ಎದೆಯಿಂದ ಕೆಮ್ಮಿ ತೆಗಿ ಅಂತ ಬರಿ. ದಪ್ಪ ಇರ್ಕು, ನೀರಿನಾಂಗೆ ಇದ್ರೆ ಆಗ ಅಂತ ಬರಿ. ಮತ್ತೆ ಕಂಡ್ಕ, ಮೂತ್ರ ಕೆಂಪು ಆತ್ತ್ ಅಂಬುದನ್ನ ಮೇಲೆಯೇ ಹಾಕು, ಕೆಳಗೆ ಹಾಕಿರೆ ಯಾರೂ ಓದುದಿಲ್ಲೆ."

ಮೇಲೆಯೇ ಹಾಕಿದ್ದೇನೆ.